ದಿನಕ್ಕೆ 50 ಕಿಲೋಮೀಟರ್: ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಮೋಟಾರ್‌ಹೋಮ್ ಪ್ರವಾಸಕ್ಕೊಂದು ಮಾರ್ಗದರ್ಶಿ

ಫ್ರಾನ್ಸಿನ ನೈಋತ್ಯ ಭಾಗದಲ್ಲಿ ದೋರ್ದೋನ್ ಮತ್ತು ಲೋ ಎಂಬ ಎರಡು ನದಿಗಳು ಪೂರ್ವದ ಬೆಟ್ಟಸೀಮೆಯಿಂದ ಇಳಿದು, ಸುಣ್ಣಕಲ್ಲಿನ ಬಂಡೆಗಳ ನಡುವೆ ಬಳುಕುತ್ತಾ ಪಶ್ಚಿಮಕ್ಕೆ ಹರಿಯುತ್ತವೆ. ಈ ಕಣಿವೆಗಳಲ್ಲಿ ನಾವು ಗಂಡ ಹೆಂಡತಿ ಇಬ್ಬರೇ ಹಾಸಿಗೆ, ಅಡುಗೆಮನೆ, ಶೌಚಗಳೆಲ್ಲ ಒಳಗೇ ಇರುವ ಬಾಡಿಗೆ ಮೋಟಾರ್‌ಹೋಮ್‌ನಲ್ಲಿ ಎರಡು ಬಾರಿ ತಿರುಗಿದ್ದೇವೆ. ಮೊದಲ ಬಾರಿ 14 ದಿನಗಳಲ್ಲಿ ಸುಮಾರು 2,200 ಕಿಲೋಮೀಟರ್ ಓಡಿಸಿದೆವು. ಊರಿಗೆ ಮರಳಿದ ಮೇಲೆ ನೆನಪಿನಲ್ಲಿ ಉಳಿದಿದ್ದು ಹೆಚ್ಚಾಗಿ ರಸ್ತೆಯೇ. ಎರಡನೆಯ ಬಾರಿ ಅಷ್ಟೇ ದಿನಗಳಿಗೆ 700 ಕಿಲೋಮೀಟರ್ ಸಾಕು ಎಂದು ಮೊದಲೇ ನಿರ್ಧರಿಸಿಕೊಂಡು ಹೊರಟೆವು. ಸರಾಸರಿ ದಿನಕ್ಕೆ 50 ಕಿಲೋಮೀಟರ್ ಮಾತ್ರ ಓಡಿಸಿದಾಗ ಮೋಟಾರ್‌ಹೋಮ್ ನಿಜವಾಗಿ ಮನೆಯಾಯಿತು. ಈ ಲೇಖನ ಆ ಎರಡನೆಯ ಪ್ರವಾಸದ ಲೆಕ್ಕದಲ್ಲಿ ಬರೆದದ್ದು. ವೀಸಾದಿಂದ ಹಿಡಿದು ಶೌಚದ ಪೆಟ್ಟಿಗೆ ಖಾಲಿ ಮಾಡುವವರೆಗೆ, ಮೊದಲ ಸಲ ಹೋಗುವ ಕನ್ನಡಿಗರಿಗೆ ತಿಳಿದಿರಬೇಕಾದ ಸಂಗತಿಗಳನ್ನು ಮಾಡಬೇಕಾದ ಕ್ರಮದಲ್ಲೇ ಹೇಳುತ್ತೇನೆ.

ಕಾಲ ಮತ್ತು ಕಾಗದಪತ್ರ

ಮೇ ತಿಂಗಳ ಮಧ್ಯದಿಂದ ಜೂನ್ ಕೊನೆಯವರೆಗೆ, ಇಲ್ಲವೇ ಸೆಪ್ಟೆಂಬರ್ ತಿಂಗಳಿಡೀ, ಈ ಪ್ರವಾಸಕ್ಕೆ ಹೇಳಿ ಮಾಡಿಸಿದ ಕಾಲ. ಜೂನ್‌ನಲ್ಲಿ ರಾತ್ರಿ ಹತ್ತರ ಹತ್ತಿರದವರೆಗೂ ಬೆಳಕಿರುತ್ತದೆ, ಆದ್ದರಿಂದ ತಂಗುವ ಜಾಗವನ್ನು ಕತ್ತಲಲ್ಲಿ ಹುಡುಕುವ ಪ್ರಮೇಯ ಬರುವುದಿಲ್ಲ. ಜುಲೈ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ಇಡೀ ಫ್ರಾನ್ಸ್ ರಜೆಯಲ್ಲಿರುವುದರಿಂದ ಬಾಡಿಗೆ ಏರುತ್ತದೆ, ನದಿ ದಡದ ಜಾಗಗಳು ಮಧ್ಯಾಹ್ನಕ್ಕೇ ತುಂಬುತ್ತವೆ, ಸೆಖೆಯೂ ಜೋರಾಗಿರುತ್ತದೆ. ಚಳಿಗಾಲದಲ್ಲಿ ಬಹುತೇಕ ಕ್ಯಾಂಪಿಂಗ್ ತಾಣಗಳು ಮುಚ್ಚಿರುತ್ತವೆ, ನೀರು ಹೆಪ್ಪುಗಟ್ಟೀತೆಂದು ಹಳ್ಳಿಗಳ ನಲ್ಲಿಗಳನ್ನೂ ನಿಲ್ಲಿಸಿರುತ್ತಾರೆ.

ವೀಸಾ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ಅಲ್ಪಾವಧಿಯದು. 180 ದಿನಗಳ ಅವಧಿಯಲ್ಲಿ 90 ದಿನಗಳವರೆಗೆ ಇರಬಹುದು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಸಲ್ಲಿಸಬಹುದು. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರವಾಸ ವಿಮೆ ಕಡ್ಡಾಯ. ಮೋಟಾರ್‌ಹೋಮ್ ಪ್ರವಾಸಿಗರಿಗೆ ಇಲ್ಲಿ ಒಂದು ತೊಡಕಿದೆ: ಹೋಟೆಲ್ ಬುಕಿಂಗ್ ಇಲ್ಲದಿರುವಾಗ ರಾತ್ರಿ ಎಲ್ಲಿ ತಂಗುತ್ತೀರಿ ಎಂಬುದಕ್ಕೆ ದಾಖಲೆ ತೋರಿಸಬೇಕು. ವಾಹನದ ಬಾಡಿಗೆ ಕರಾರು, ದಿನವಾರು ಪ್ರಯಾಣದ ಪಟ್ಟಿ, ಕೆಲವು ಕ್ಯಾಂಪಿಂಗ್ ತಾಣಗಳ ಕಾಯ್ದಿರಿಸಿದ ಚೀಟಿಗಳು ಮತ್ತು ಇಡೀ ಯೋಜನೆಯನ್ನು ವಿವರಿಸುವ ಪತ್ರವನ್ನು ಒಟ್ಟಿಗೆ ಲಗತ್ತಿಸುವುದು ಒಳ್ಳೆಯದು. ನಾವು ಹಾಗೆಯೇ ಮಾಡಿದೆವು.

ಚಾಲನಾ ಪರವಾನಗಿಯ ಜೊತೆಗೆ ನಿಮ್ಮ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಪಡೆಯಿರಿ. ಅದು ಒಂದು ವರ್ಷ ಚಾಲ್ತಿಯಲ್ಲಿರುತ್ತದೆ. ಮೂಲ ಪರವಾನಗಿ ಇಲ್ಲದೆ ಅದೊಂದಕ್ಕೇ ಬೆಲೆಯಿಲ್ಲ, ಹಾಗಾಗಿ ಎರಡೂ ಕೈಯಲ್ಲಿರಬೇಕು. ಬಾಡಿಗೆ ಸಂಸ್ಥೆಗಳು ಚಾಲಕನ ಕನಿಷ್ಠ ವಯಸ್ಸನ್ನೂ ಪರವಾನಗಿ ಪಡೆದು ಎಷ್ಟು ವರ್ಷವಾಯಿತೆಂಬುದನ್ನೂ ಕೇಳುತ್ತವೆ. ಕಾರಿನ ಪರವಾನಗಿ ಇರುವವರು ಓಡಿಸಬಹುದಾದ ವಾಹನದ ಮಿತಿ, ಜನ ಸಾಮಾನು ಸೇರಿ ಒಟ್ಟು ತೂಕ 3,500 ಕಿಲೋ. ಬಾಡಿಗೆಗೆ ಸಿಗುವ ವಾಹನಗಳಲ್ಲಿ ಹೆಚ್ಚಿನವು ಈ ಮಿತಿಯೊಳಗೇ ಇರುತ್ತವೆ.

ವಾಹನದ ಆಯ್ಕೆ

ಫ್ರಾನ್ಸಿನಲ್ಲಿ ಮೋಟಾರ್‌ಹೋಮ್‌ಗೆ ಕ್ಯಾಂಪಿಂಗ್ ಕಾರ್ ಎನ್ನುತ್ತಾರೆ. ಅದರಲ್ಲಿ ಮುಖ್ಯವಾಗಿ ಮೂರು ಬಗೆ ನಿಮ್ಮ ಕಣ್ಣಿಗೆ ಬೀಳುತ್ತವೆ. ಸರಕು ಸಾಗಿಸುವ ವ್ಯಾನನ್ನೇ ಮನೆಯಾಗಿಸಿದ್ದು ಫೂರ್ಗೋಂ. ಅದರ ಅಗಲ ಸುಮಾರು 2.05 ಮೀಟರ್, ಉದ್ದ ಹೆಚ್ಚಾಗಿ 6 ಮೀಟರ್. ಪ್ರೊಫಿಲೇ ಎಂಬುದು ಸುಮಾರು 2.3 ಮೀಟರ್ ಅಗಲದ, 7 ಮೀಟರ್‌ವರೆಗೆ ಉದ್ದವಿರುವ ವಿಶಾಲ ಮಾದರಿ. ಚಾಲಕನ ತಲೆಯ ಮೇಲೆ ಹಾಸಿಗೆ ಚಾಚಿಕೊಂಡಿರುವುದು ಕಾಪೂಸೀನ್. ಮಕ್ಕಳಿರುವ ಕುಟುಂಬಗಳಿಗೆ ಅದು ಅನುಕೂಲ. ಇಬ್ಬರೇ ಹೋಗುವುದಾದರೆ ನನ್ನ ಸಲಹೆ ಫೂರ್ಗೋಂ. ಕಾಲು ಮೀಟರ್ ಅಗಲ ಕಡಿಮೆಯಾದರೇನು ಎಂದು ಅನ್ನಿಸಬಹುದು. ಆದರೆ ಎರಡೂ ಕಡೆ ಕಲ್ಲಿನ ಗೋಡೆಗಳಿರುವ ಹಳ್ಳಿಯ ಓಣಿಯಲ್ಲಿ ಎದುರಿನಿಂದ ಟ್ರ್ಯಾಕ್ಟರ್ ಬಂದಾಗ ಆ ಕಾಲು ಮೀಟರ್‌ನಲ್ಲೇ ಉಸಿರಾಟ ಸಲೀಸಾಗುತ್ತದೆ.

ತೂಕದ ಲೆಕ್ಕವನ್ನು ಬಹಳ ಜನ ಮರೆಯುತ್ತಾರೆ. 3,500 ಕಿಲೋ ಮಿತಿಯಲ್ಲಿ ವಾಹನದ ಸ್ವಂತ ತೂಕ ಕಳೆದರೆ ದೊಡ್ಡ ಮಾದರಿಗಳಲ್ಲಿ ಜನರಿಗೂ ಸಾಮಾನಿಗೂ ಉಳಿಯುವುದು ಹಲವೊಮ್ಮೆ 400ರಿಂದ 500 ಕಿಲೋ ಅಷ್ಟೇ. ನೂರು ಲೀಟರ್ ನೀರು ತುಂಬಿಸಿದರೆ ಅಲ್ಲಿಗೆ ನೂರು ಕಿಲೋ ಹೋಯಿತು. ನಾಲ್ವರು ದೊಡ್ಡವರು ಕುಳಿತರೆ ಇನ್ನು ಮುನ್ನೂರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ದೊಡ್ಡ ಸೂಟ್‌ಕೇಸ್‌ಗಳ ಬದಲು ಮಡಚಿಡಬಹುದಾದ ಬಟ್ಟೆಯ ಚೀಲಗಳನ್ನು ಒಯ್ಯಿರಿ, ಏಕೆಂದರೆ ಖಾಲಿ ಸೂಟ್‌ಕೇಸನ್ನು ಇಡಲು ಆ ಪುಟ್ಟ ಮನೆಯಲ್ಲಿ ಜಾಗವೇ ಇರುವುದಿಲ್ಲ.

ಕರಾರಿಗೆ ಸಹಿ ಹಾಕುವ ಮುನ್ನ ಮೂರು ಸಂಗತಿ ಕೇಳಿ ತಿಳಿಯಿರಿ: ದಿನಕ್ಕೆ ಎಷ್ಟು ಕಿಲೋಮೀಟರ್ ಉಚಿತ, ಅಪಘಾತವಾದರೆ ನಿಮ್ಮ ಪಾಲಿಗೆ ಬರುವ ಮೊತ್ತವೆಷ್ಟು, ಮತ್ತು ಛಾವಣಿಗೆ ಆದ ಹಾನಿಯನ್ನು ವಿಮೆ ಭರಿಸುತ್ತದೆಯೇ. ಮೂರನೆಯದು ಅತ್ಯಂತ ಮುಖ್ಯ. ಕೊಂಬೆ, ಬಾಲ್ಕನಿ, ಕಮಾನು ಇವುಗಳಿಗೆ ಛಾವಣಿ ತಗಲುವುದು ಹೊಸಬರಿಗೆ ಸಾಮಾನ್ಯವಾಗಿ ಆಗುವ ಅನಾಹುತ, ಹಲವು ಪಾಲಿಸಿಗಳು ಬಿಟ್ಟಿರುವುದೂ ಅದನ್ನೇ.

ವಿಮಾನ ಇಳಿದ ದಿನವೇ ವಾಹನ ತೆಗೆದುಕೊಳ್ಳಬೇಡಿ. ಬೆಂಗಳೂರಿನಿಂದ ಪ್ಯಾರಿಸ್‌ಗೆ ಹೋಗಿ, ಅಲ್ಲಿಂದ ವೇಗದ ರೈಲು ಟಿಜಿವಿ ಹತ್ತಿದರೆ ಸುಮಾರು ಎರಡು ಗಂಟೆಯಲ್ಲಿ ಬೋರ್ಡೋ ತಲುಪಬಹುದು. ಅಲ್ಲಿ ಒಂದು ರಾತ್ರಿ ಹೋಟೆಲಿನಲ್ಲಿ ನಿದ್ದೆ ಮಾಡಿ, ಮರುದಿನ ಗಾಡಿಯ ಬಳಿ ಹೋಗಿ. ಹಸ್ತಾಂತರಕ್ಕೆ ಒಂದೂವರೆ ಗಂಟೆಯನ್ನಾದರೂ ಮೀಸಲಿಡಿ. ನೀರಿನ ಪಂಪು, ಬಾಯ್ಲರ್, ಫ್ರಿಜ್, ಅನಿಲದ ಕೀಲಿ, ಶೌಚ ಪೆಟ್ಟಿಗೆ ಇವುಗಳನ್ನು ತೋರಿಸುವಾಗ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಎಲ್ಲಾ ಗೀರುಗಳ ಚಿತ್ರ ತೆಗೆಯಿರಿ, ಛಾವಣಿಯದ್ದೂ ಸೇರಿ.

ನಮ್ಮ ಮೊದಲ ಪ್ರವಾಸ ಏಪ್ರಿಲ್‌ನಲ್ಲಿತ್ತು. ಎರಡನೆಯ ಬೆಳಿಗ್ಗೆ ಎದ್ದಾಗ ಟ್ಯಾಂಕಿನಲ್ಲಿ ಹನಿ ನೀರಿರಲಿಲ್ಲ, ಗಾಡಿಯ ಅಡಿಯಲ್ಲಿ ನೆಲ ಒದ್ದೆಯಾಗಿತ್ತು. ಬಾಯ್ಲರಿನ ರಕ್ಷಣಾ ಕವಾಟವು ಸುತ್ತಲಿನ ತಾಪ ಸುಮಾರು 3 ಡಿಗ್ರಿಗೆ ಇಳಿದಾಗ, ಕೊಳವೆ ಒಡೆಯದಿರಲೆಂದು, ತಾನಾಗಿ ತೆರೆದು ನೀರು ಬಿಟ್ಟುಬಿಡುತ್ತದೆ ಎಂಬುದನ್ನು ನಮಗೆ ಹಸ್ತಾಂತರದ ವೇಳೆ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಚಳಿಯ ರಾತ್ರಿಗಳಲ್ಲಿ ಹೀಟರನ್ನು ಸಣ್ಣಗೆ ಚಾಲೂ ಇಟ್ಟರೆ ಈ ತೊಂದರೆ ಇಲ್ಲ. ಆ ಕವಾಟ ಎಲ್ಲಿದೆ ಎಂದು ಕೈಯಿಟ್ಟು ತೋರಿಸುವಂತೆ ಕೇಳಿ.

ರಸ್ತೆಯ ಮೇಲೆ

ಫ್ರಾನ್ಸಿನಲ್ಲಿ ಬಲಗಡೆ ಓಡಿಸಬೇಕು, ಸ್ಟಿಯರಿಂಗ್ ಎಡಕ್ಕಿರುತ್ತದೆ. ಮೊದಲ ದಿನ ಬೋರ್ಡೋದ ಹೊರವಲಯದಿಂದ 40 ಕಿಲೋಮೀಟರ್‌ಗಿಂತ ಹೆಚ್ಚು ಹೋಗಬೇಡಿ. ಯಾವುದಾದರೂ ದೊಡ್ಡ ಸೂಪರ್‌ಮಾರ್ಕೆಟ್ಟಿನ ಖಾಲಿ ಪಾರ್ಕಿಂಗ್ ಜಾಗದಲ್ಲಿ ಅರ್ಧ ಗಂಟೆ ಹಿಂದೆ ಮುಂದೆ ಓಡಿಸಿ ಅಭ್ಯಾಸ ಮಾಡಿಕೊಳ್ಳಿ. ಹಿಂಬದಿ ಚಕ್ರದ ಆಚೆಗೂ ಗಾಡಿಯ ಮೈ ಉದ್ದಕ್ಕೆ ಚಾಚಿರುವುದರಿಂದ, ಬಲಕ್ಕೆ ತಿರುಗಿಸಿದಾಗ ಹಿಂದಿನ ಎಡಮೂಲೆ ಹೊರಕ್ಕೆ ಬೀಸುತ್ತದೆ. ಇದು ಅರ್ಥವಾದರೆ ಅರ್ಧ ಚಾಲನೆ ಕಲಿತಂತೆ. ಗಾಡಿಯ ಎತ್ತರ, ಅಗಲ, ತೂಕವನ್ನು ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಸ್ಟಿಯರಿಂಗ್ ಪಕ್ಕ ಅಂಟಿಸಿ. ಊರ ಪಾರ್ಕಿಂಗ್ ಜಾಗಗಳ ಬಾಗಿಲಲ್ಲಿ ಸುಮಾರು ಎರಡು ಮೀಟರ್ ಎತ್ತರಕ್ಕೆ ಅಡ್ಡಕಂಬಿ ಹಾಕಿರುತ್ತಾರೆ.

ವೇಗದ ಮಿತಿ ಹಳ್ಳಿಯೊಳಗೆ 50, ಹಲವೆಡೆ 30. ಎರಡು ದಿಕ್ಕಿನ ಸಾಮಾನ್ಯ ರಸ್ತೆಗಳಲ್ಲಿ 2018ರ ಜುಲೈಯಿಂದ 80, ಕೆಲವು ಜಿಲ್ಲೆಗಳು ತಮ್ಮ ರಸ್ತೆಗಳಲ್ಲಿ 90ಕ್ಕೆ ಮರಳಿವೆ. ಹಳ್ಳಿ ಆರಂಭವಾಯಿತೆಂದು ಬೇರೆ ವೇಗಸೂಚಕ ಹಾಕುವುದಿಲ್ಲ. ಕೆಂಪು ಅಂಚಿನ ಊರ ಹೆಸರಿನ ಫಲಕವೇ 50ರ ಸೂಚನೆ, ಅದೇ ಹೆಸರಿನ ಮೇಲೆ ಓರೆಗೆರೆ ಎಳೆದಿದ್ದರೆ ಊರು ಮುಗಿಯಿತೆಂದು ಅರ್ಥ. ನಮ್ಮವರಿಗೆ ಹೊಸದಾಗಿ ಕಾಣುವ ಇನ್ನೊಂದು ನಿಯಮ ಬಲಗಡೆಯವರಿಗೆ ಆದ್ಯತೆ. ಗುರುತುಗಳಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯ ಸಣ್ಣ ಓಣಿಯಿಂದ ಬರುವ ವಾಹನಕ್ಕೆ, ನೀವು ದೊಡ್ಡ ರಸ್ತೆಯಲ್ಲಿದ್ದರೂ, ದಾರಿ ಬಿಡಲೇಬೇಕು. ಹಳದಿ ವಜ್ರಾಕೃತಿಯ ಫಲಕ ಕಂಡರೆ ಆದ್ಯತೆ ನಿಮ್ಮದು. ವೃತ್ತಗಳಲ್ಲಿ ಮಾತ್ರ ಒಳಗೆ ಸುತ್ತುತ್ತಿರುವವರಿಗೆ ಮೊದಲ ಹಕ್ಕು.

ಹಿಂದೆ ವಾಹನಗಳ ಸಾಲು ಬೆಳೆದರೆ ಸುರಕ್ಷಿತ ಜಾಗ ನೋಡಿ ಪಕ್ಕಕ್ಕೆ ನಿಲ್ಲಿಸಿ ದಾರಿ ಬಿಡಿ. ನಿಧಾನವಾಗಿ ಹೋಗುವುದು ನಿಮ್ಮ ಆಯ್ಕೆ. ಆ ರಸ್ತೆಯಲ್ಲೇ ದಿನವೂ ಕೆಲಸಕ್ಕೆ ಹೋಗುವವರದ್ದಲ್ಲ.

ಟೋಲ್ ರಸ್ತೆಗಳಲ್ಲಿ ಎರಡು ಮೀಟರ್‌ಗಿಂತ ಹೆಚ್ಚು, ಮೂರಕ್ಕಿಂತ ಕಡಿಮೆ ಎತ್ತರದ ವಾಹನ ಎರಡನೆಯ ದರ್ಜೆಗೆ ಸೇರುತ್ತದೆ. ನಾನು ಹೇಳುವ ಮಾರ್ಗದಲ್ಲಿ ಟೋಲ್ ರಸ್ತೆಯ ಅಗತ್ಯವೇ ಇಲ್ಲ. ಡೀಸೆಲ್‌ಗೆ ಅಲ್ಲಿ ಗಾಝೋಲ್ ಎಂದು ಹೆಸರು. ಚೌಕಾಕಾರದ ಗುರುತಿನೊಳಗೆ ಬಿ7 ಎಂದು ಬರೆದಿರುತ್ತದೆ, ದುಂಡು ಗುರುತಿನವೆಲ್ಲಾ ಪೆಟ್ರೋಲ್. ನೀಲಿ ಮುಚ್ಚಳದ ರಂಧ್ರ ಹೊಗೆಯನ್ನು ಶುದ್ಧಗೊಳಿಸುವ ಆಡ್‌ಬ್ಲೂ ದ್ರವಕ್ಕೆ, ಅದರೊಳಗೆ ಡೀಸೆಲ್ ಹಾಕಬಾರದು. ಸೂಪರ್‌ಮಾರ್ಕೆಟ್ಟಿನ ಪಂಪುಗಳಲ್ಲಿ ದರ ಕಡಿಮೆ, ಆದರೆ ಭಾನುವಾರ ಆಳಿಲ್ಲದೆ ಕಾರ್ಡಿನಿಂದ ಮಾತ್ರ ನಡೆಯುತ್ತವೆ. ಮೊದಲು ದೊಡ್ಡ ಮೊತ್ತವೊಂದನ್ನು ತಡೆಹಿಡಿಯುವುದರಿಂದ ಕೆಲವು ಪ್ರಯಾಣ ಕಾರ್ಡುಗಳು ಅಲ್ಲಿ ನಡೆಯುವುದಿಲ್ಲ. ಪಿನ್ ಇರುವ, ವಿದೇಶಿ ಬಳಕೆಗೆ ತೆರೆದ ಕ್ರೆಡಿಟ್ ಕಾರ್ಡ್ ಒಂದಾದರೂ ಇರಲಿ.

ಎರಡು ವಾರದ ದಾರಿ

ಬೋರ್ಡೋದಿಂದ ಪೂರ್ವಕ್ಕೆ 40 ಕಿಲೋಮೀಟರ್ ದೂರದ ಸೇಂಟ್ ಎಮಿಲಿಯನ್ ಮೊದಲ ತಂಗುದಾಣ. ದ್ರಾಕ್ಷಿ ತೋಟಗಳ ನಡುವಿನ ಈ ಊರು ಮತ್ತು ಅದರ ಸುತ್ತಲಿನ ಕೃಷಿಭೂಮಿ 1999ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಅಲ್ಲಿಂದ ಬೆರ್ಜರಾಕ್ ದಾಟಿ ಮೊಂಪಾಜಿಯೇ ಎಂಬ ಪುಟ್ಟ ಊರಿಗೆ ಬನ್ನಿ. 1284ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ ಕಟ್ಟಿಸಿದ ಈ ಊರಿನ ಬೀದಿಗಳು ಹಾಳೆಯ ಮೇಲೆ ಗೆರೆ ಎಳೆದಂತೆ ನೇರವಾಗಿವೆ, ನಡುವೆ ಕಮಾನುಗಳ ಮೊಗಸಾಲೆಯಿರುವ ಚೌಕ. ಚೌಕದ ಒಂದು ಬದಿಗೆ ಮರದ ಕಂಬಗಳ ಹಳೆಯ ಸಂತೆಕಟ್ಟೆ. ಅದರೊಳಗೆ ಧಾನ್ಯ ಅಳೆಯುತ್ತಿದ್ದ ಹಳೆಯ ಅಳತೆ ಪಾತ್ರೆಗಳು ಈಗಲೂ ಇವೆ. ಕೊಳಗ, ಸೇರುಗಳನ್ನು ಕಂಡು ಬೆಳೆದ ನನ್ನ ಹೆಂಡತಿ ಅವುಗಳ ಮುಂದೆ ಬಹಳ ಹೊತ್ತು ನಿಂತಿದ್ದಳು. ಗುರುವಾರ ಅಲ್ಲಿ ಸಂತೆ. ಸಾಧ್ಯವಾದರೆ ಬುಧವಾರ ಸಂಜೆಯೇ ಹೋಗಿ ತಂಗಿ.

ಮುಂದಿನ ನಾಲ್ಕು ರಾತ್ರಿಗಳನ್ನು ಸಾರ್ಲಾ ಊರಿನ ಆಸುಪಾಸಿನ ದೋರ್ದೋನ್ ದಡಕ್ಕೆ ಕೊಡಿ. ಗಾಡಿಯನ್ನು ಒಂದೇ ಕ್ಯಾಂಪಿಂಗ್ ತಾಣದಲ್ಲಿ ನಿಲ್ಲಿಸಿ, ಬಾಡಿಗೆ ಸೈಕಲ್ಲಿನಲ್ಲಿಯೋ ನಡೆದೋ ಸುತ್ತಾಡುವುದು ಲೇಸು. ಬೇನಾಕ್ ಮತ್ತು ಕಾಸ್ತೆಲ್ನೋ ಕೋಟೆಗಳು ನದಿಯ ಎರಡು ದಡಗಳಲ್ಲಿ ಒಂದನ್ನೊಂದು ದಿಟ್ಟಿಸುತ್ತಾ ನಿಂತಿವೆ; ನೂರು ವರ್ಷಗಳ ಯುದ್ಧದಲ್ಲಿ ಈ ನದಿಯೇ ಫ್ರೆಂಚರ ಮತ್ತು ಇಂಗ್ಲಿಷರ ನಡುವಿನ ಗಡಿಯಂತಿತ್ತು. ಬಂಡೆಗೆ ಅಂಟಿಕೊಂಡ ಲಾ ರೋಕ್ ಗಜಾಕ್‌ನಿಂದ ಹಳೆಯ ಸರಕು ದೋಣಿಗಳ ಮಾದರಿಯ ದೋಣಿಗಳಲ್ಲಿ ಒಂದು ಗಂಟೆಯ ವಿಹಾರ ಮಾಡಬಹುದು. ಸಾರ್ಲಾದಲ್ಲಿ ಬುಧವಾರ ಮತ್ತು ಶನಿವಾರ ಸಂತೆ, ಶನಿವಾರದ್ದು ದೊಡ್ಡದು.

ಸಾರ್ಲಾದಿಂದ 25 ಕಿಲೋಮೀಟರ್ ಉತ್ತರಕ್ಕೆ ಮೊಂತಿನ್ಯಾಕ್ ಊರಿನಲ್ಲಿ ಆದಿಮಾನವರು ಚಿತ್ರ ಬಿಡಿಸಿದ ಲಾಸ್ಕೋ ಗುಹೆ. 1940ರ ಸೆಪ್ಟೆಂಬರ್‌ನಲ್ಲಿ ಪತ್ತೆಯಾದ ಈ ಗುಹೆಯ ಚಿತ್ರಗಳು ನೋಡುಗರ ಉಸಿರಿನ ತೇವ ಮತ್ತು ಇಂಗಾಲದ ಡೈಆಕ್ಸೈಡಿನಿಂದ ಕೆಡತೊಡಗಿದ್ದರಿಂದ 1963ರಲ್ಲಿ ಅದನ್ನು ಸಾರ್ವಜನಿಕರಿಗೆ ಮುಚ್ಚಿದರು. 2016ರ ಡಿಸೆಂಬರ್‌ನಲ್ಲಿ ತೆರೆದ ಪೂರ್ಣ ಪ್ರತಿಕೃತಿಯನ್ನು ಇಂದು ನೋಡಬಹುದು. ಆದರೆ ಮೂಲ ಚಿತ್ರಗಳನ್ನೇ ಕಾಣುವ ಆಸೆ ನಿಮಗಿದ್ದರೆ, ದಾರಿಯಲ್ಲಿ ಮುಂದೆ ಸಿಗುವ ಪೆಶ್ ಮೆರ್ಲ್ ಗುಹೆಗೆ ಕಾದಿರಿ. 1922ರಲ್ಲಿ ಇಬ್ಬರು ಹುಡುಗರು ನುಸುಳಿ ಕಂಡುಹಿಡಿದ ಆ ಗುಹೆಯಲ್ಲಿ ಚುಕ್ಕೆಗಳ ಕುದುರೆಗಳಿವೆ, ಅವುಗಳ ಸುತ್ತ ಯಾರೋ ಬಂಡೆಗೆ ಕೈಯಿಟ್ಟು ಬಣ್ಣ ಊದಿ ಮೂಡಿಸಿದ ಅಂಗೈಗಳ ಗುರುತುಗಳಿವೆ. ದಿನಕ್ಕೆ 700 ಜನರಿಗೆ ಮಾತ್ರ ಪ್ರವೇಶವಿರುವುದರಿಂದ ಟಿಕೆಟ್ ಮೊದಲೇ ಕಾಯ್ದಿರಿಸಬೇಕು. ಇಡೀ ಪ್ರವಾಸದಲ್ಲಿ ಗಂಟೆ ನಿಗದಿ ಮಾಡಿಕೊಂಡು ಹೋಗಬೇಕಾದ ಜಾಗ ಇದೊಂದೇ ಆಗಿದ್ದರೂ ಸಾಕು.

ಸಾರ್ಲಾದಿಂದ ರೊಕಮದೂರ್‌ಗೆ ಹೋಗಿ ಎರಡು ರಾತ್ರಿ ಇರಿ. ಕಡಿದಾದ ಬಂಡೆಗೆ ಅಂಟಿಕೊಂಡ ಈ ತೀರ್ಥಕ್ಷೇತ್ರದ ಒಂದೇ ಬೀದಿಯೊಳಗೆ ಮೋಟಾರ್‌ಹೋಮ್ ಒಯ್ಯುವಂತಿಲ್ಲ. ಮೇಲಿನ ಲೋಸ್ಪಿತಾಲೆ ಎಂಬಲ್ಲಿ ನಿಲ್ಲಿಸಿ ನಡೆದು ಇಳಿಯಬೇಕು. ಹತ್ತಿರದ ಪಾದಿರಾಕ್‌ನಲ್ಲಿ ನೆಲದಿಂದ 103 ಮೀಟರ್ ಕೆಳಗೆ ಹರಿಯುವ ನದಿಯಲ್ಲಿ ದೋಣಿ ಪಯಣವಿದೆ. ಆಮೇಲೆ ಫಿಜಾಕ್: ಈಜಿಪ್ಟಿನ ಚಿತ್ರಲಿಪಿಯನ್ನು 1822ರಲ್ಲಿ ಬಿಡಿಸಿದ ಶಾಂಪೋಲಿಯೋಂ ಹುಟ್ಟಿದ ಊರು. ಅಲ್ಲಿನ ಅಂಗಳವೊಂದರಲ್ಲಿ, ಆ ಲಿಪಿಯನ್ನು ಬಿಡಿಸಲು ನೆರವಾದ ರೊಸೆಟ್ಟಾ ಶಿಲೆಯ ಬರಹವನ್ನು ಕಪ್ಪು ಕಲ್ಲಿನಲ್ಲಿ ದೊಡ್ಡದಾಗಿ ಕೆತ್ತಿ ನೆಲಕ್ಕೆ ಹಾಸಿದ್ದಾರೆ, ಅಕ್ಷರಗಳ ಮೇಲೆಯೇ ನಡೆಯಬಹುದು. ಫಿಜಾಕ್‌ನಿಂದ ಸೆಲೆ ಎಂಬ ಸಣ್ಣ ನದಿಯ ಗುಂಟ ಪೆಶ್ ಮೆರ್ಲ್, ಬೆಟ್ಟದಂಚಿನ ಸೇಂ ಸಿರ್ ಲಪೋಪಿ, ಹದಿನಾಲ್ಕನೆಯ ಶತಮಾನದ ವಾಲೆಂತ್ರೇ ಸೇತುವೆಯಿರುವ ಕಾವೋರ್. ಕೊನೆಯ ಮೂರು ದಿನ ಲೋ ನದಿಯ ಗುಂಟ ನಿಧಾನವಾಗಿ ಇಳಿದು ಬೋರ್ಡೋಗೆ ಮರಳಿ.

ರಾತ್ರಿ ಎಲ್ಲಿ ತಂಗಬೇಕು

ಫ್ರಾನ್ಸಿನ ಕಾನೂನಿನಲ್ಲಿ ವಾಹನ ನಿಲ್ಲಿಸುವುದು ಬೇರೆ, ಬಿಡಾರ ಹೂಡುವುದು ಬೇರೆ. ಪಾರ್ಕಿಂಗ್‌ಗೆ ಅನುಮತಿಯಿರುವ ಜಾಗದಲ್ಲಿ ಮೋಟಾರ್‌ಹೋಮ್ ಕೂಡ ಬೇರೆ ವಾಹನದಂತೆ ನಿಲ್ಲಬಹುದು. ಆದರೆ ಹೊರಗೆ ಕುರ್ಚಿ ಮೇಜು ಹಾಕಿ, ಪಕ್ಕದ ಚಪ್ಪರ ಬಿಚ್ಚಿದ ಕ್ಷಣ ಅದು ಬಿಡಾರವಾಗುತ್ತದೆ, ಅದಕ್ಕೆ ಎಲ್ಲೆಂದರಲ್ಲಿ ಅವಕಾಶವಿಲ್ಲ. ಈ ವ್ಯತ್ಯಾಸವನ್ನು ಪಾಲಿಸಿದರೆ ಹಳ್ಳಿಯವರೊಂದಿಗೆ ಮನಸ್ತಾಪ ಬರುವುದಿಲ್ಲ. ಹೆದ್ದಾರಿಯ ವಿಶ್ರಾಂತಿ ತಾಣಗಳಲ್ಲಿ ಮಾತ್ರ ಮಲಗಬೇಡಿ. ಅಲ್ಲಿ ಕಳ್ಳತನದ ಭಯವಿದೆ.

ನಿಮಗಿರುವ ಆಯ್ಕೆಗಳು ಮುಖ್ಯವಾಗಿ ಮೂರು. ಮೊದಲನೆಯದು ಊರಾಡಳಿತ ನಡೆಸುವ ಏರ್, ಅಂದರೆ ಮೋಟಾರ್‌ಹೋಮ್‌ಗಳಿಗೆಂದೇ ಬಿಟ್ಟ ಜಾಗ. ಕೆಲವು ಉಚಿತ, ಹಲವಕ್ಕೆ ರಾತ್ರಿಗೆ ಹತ್ತು ಹದಿನೈದು ಯೂರೋ. ಎರಡನೆಯದು ಊರಿನದೇ ಕ್ಯಾಂಪಿಂಗ್, ಅಲ್ಲಿ ಹುಲ್ಲು, ನೆರಳು, ಸ್ನಾನದ ಮನೆ, ವಿದ್ಯುತ್ ಎಲ್ಲವೂ ಇವೆ. ದೊಡ್ಡ ಖಾಸಗಿ ತಾಣಗಳಿಗಿಂತ ಅಗ್ಗ, ಶಾಂತ. ಮೂರನೆಯದು ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾದದ್ದು. ಫ್ರಾನ್ಸ್ ಪಾಸಿಯೋಂ ಎಂಬ ಜಾಲದ ವಾರ್ಷಿಕ ಸದಸ್ಯತ್ವ ಪಡೆದರೆ, ರೈತರು, ದ್ರಾಕ್ಷಿ ಬೆಳೆಗಾರರು, ಗಿಣ್ಣು, ಅಂದರೆ ಚೀಸ್, ಮಾಡುವವರು ತಮ್ಮ ಹೊಲದಂಚಿನಲ್ಲಿ 24 ಗಂಟೆಗಳವರೆಗೆ ಉಚಿತವಾಗಿ ತಂಗಲು ಬಿಡುತ್ತಾರೆ. ವಾಹನದೊಳಗೇ ಶೌಚ ಮತ್ತು ನೀರಿನ ವ್ಯವಸ್ಥೆಯಿರಬೇಕು. ಏನನ್ನೂ ಕೊಳ್ಳಲೇಬೇಕೆಂಬ ಕಟ್ಟಳೆಯಿಲ್ಲ. ಆದರೂ ಮನೆಯಂಗಳಕ್ಕೆ ಬಂದವರು ಮೊದಲು ಬಾಗಿಲಿಗೆ ಹೋಗಿ ನಮಸ್ಕಾರ ಹೇಳುವುದು, ಹೊರಡುವಾಗ ಮತ್ತೊಮ್ಮೆ ಹೇಳಿ ಹೋಗುವುದು ಅತಿಥಿಯಾದವನ ಕರ್ತವ್ಯ. ರೊಕಮದೂರ್ ಬಳಿಯ ಒಂದು ಆಡಿನ ಹಟ್ಟಿಯಲ್ಲಿ ನಾವು ಸಂಜೆ ಹಾಲು ಕರೆಯುವುದನ್ನು ನೋಡುತ್ತಾ ನಿಂತಿದ್ದೆವು. ಆ ಮನೆಯ ಅಜ್ಜಿ ಮಾತು ತಿಳಿಯದ ನಮಗೆ ಕೈಸನ್ನೆಯಲ್ಲೇ ಎಲ್ಲ ವಿವರಿಸಿದರು. ಅಲ್ಲಿ ಕೊಂಡ ಅಂಗೈಯಷ್ಟೂ ಇಲ್ಲದ ದುಂಡನೆಯ ಗಿಣ್ಣು, ಅದಕ್ಕೂ ಊರಿನ ಹೆಸರೇ, ಎರಡು ದಿನ ನಮ್ಮ ರೊಟ್ಟಿಯ ಜೊತೆಗಿತ್ತು.

ತಂಗುದಾಣಕ್ಕೆ ಸಂಜೆ ನಾಲ್ಕರೊಳಗೆ ತಲುಪಿ.

ನೀರು, ಕೊಳೆ, ಅನಿಲ

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎನ್ನುವಂತೆ, ಎರಡು ಮೂರು ದಿನಕ್ಕೊಮ್ಮೆ ಎಲ್ಲ ಮೋಟಾರ್‌ಹೋಮ್‌ಗಳೂ ಊರ ಬೋರ್ನ್ ಬಳಿಗೆ ಬರಲೇಬೇಕು. ಬೋರ್ನ್ ಎಂದರೆ ಶುದ್ಧ ನೀರು ಕೊಡುವ, ಕೊಳೆನೀರು ತೆಗೆದುಕೊಳ್ಳುವ ಕಂಬ. ಕೆಲವು ಕಾರ್ಡಿನಿಂದ ನಡೆಯುತ್ತವೆ, ಕೆಲವಕ್ಕೆ ಜೆತೋಂ ಎಂಬ ಬಿಲ್ಲೆ ಬೇಕು. ಅದು ಊರಾಡಳಿತ ಕಚೇರಿ, ಪ್ರವಾಸಿ ಕಚೇರಿ ಅಥವಾ ಬ್ರೆಡ್ಡಿನಂಗಡಿಯಲ್ಲಿ ಸಿಗುತ್ತದೆ.

ಕ್ರಮ ತಪ್ಪದೆ ಮಾಡಿ. ಮೊದಲು ಅಡುಗೆಮನೆ ಮತ್ತು ಸ್ನಾನದ ಬೂದುನೀರಿನ ಟ್ಯಾಂಕು ನೆಲದ ಜಾಲರಿಯ ಮೇಲೆ ಬರುವಂತೆ ಗಾಡಿ ನಿಲ್ಲಿಸಿ ಕವಾಟ ತೆರೆಯಿರಿ. ಅದು ಹರಿಯುತ್ತಿರುವಾಗ ಹೊರಗಿನ ಬಾಗಿಲಿನಿಂದ ಶೌಚ ಪೆಟ್ಟಿಗೆಯನ್ನು ಎಳೆದು, ಚಕ್ರದ ಮೇಲೆ ಉರುಳಿಸಿಕೊಂಡು ಗೊತ್ತುಪಡಿಸಿದ ಗುಂಡಿಗೆ ಒಯ್ಯಿರಿ. ಸುರಿಯುವಾಗ ಪೆಟ್ಟಿಗೆಯ ಮೇಲಿರುವ ಗಾಳಿ ಬಿಡುವ ಬಟನ್ ಒತ್ತಿ ಹಿಡಿದರೆ ಸಿಡಿಯುವುದಿಲ್ಲ. ಪೆಟ್ಟಿಗೆಯನ್ನು ಅದಕ್ಕೆಂದೇ ಇರುವ ನಲ್ಲಿಯಿಂದ ತೊಳೆದು, ಸ್ವಲ್ಪ ನೀರಿಗೆ ದ್ರವ ಬೆರೆಸಿ ಮರಳಿ ತಳ್ಳಿ. ಸುಮಾರು 18 ಲೀಟರಿನ ಈ ಪೆಟ್ಟಿಗೆ ಇಬ್ಬರಿಗೆ ಎರಡು ಮೂರು ದಿನಕ್ಕೆ ತುಂಬುತ್ತದೆ. ಕೈಗವಸು ಕಳಚಿ, ಕೈ ತೊಳೆದ ಮೇಲಷ್ಟೇ ಕುಡಿಯುವ ನೀರಿನ ಕೊಳವೆ ಮುಟ್ಟಿ. ಕುಡಿಯಲು ಯೋಗ್ಯವಾದ ನಲ್ಲಿಯ ಮೇಲೆ ಒ ಪೊತಾಬ್ಲ್ ಎಂದಿರುತ್ತದೆ. ನಡುವೆ ನೋಂ ಎಂಬ ಪದವಿದ್ದರೆ ಆ ನೀರು ಕುಡಿಯಲು ಬಾರದು. ಶೌಚ ಪೆಟ್ಟಿಗೆಯನ್ನು ಕುಡಿಯುವ ನೀರಿನ ನಲ್ಲಿಯಡಿ ತೊಳೆಯುವುದಾಗಲಿ, ಬೂದುನೀರನ್ನು ದಾರಿಬದಿಗೆ ಬಿಡುವುದಾಗಲಿ ಅಕ್ಷಮ್ಯ. ಇಂಥ ನಡತೆಯಿಂದಾಗಿಯೇ ಕೆಲವು ಊರುಗಳು ಮೋಟಾರ್‌ಹೋಮ್‌ಗಳಿಗೆ ಬಾಗಿಲು ಮುಚ್ಚುತ್ತವೆ.

ಅಡುಗೆ, ಬಿಸಿನೀರು, ವಿದ್ಯುತ್ ಇಲ್ಲದಾಗ ಫ್ರಿಜ್, ಇವು ಸಾಮಾನ್ಯವಾಗಿ ಅನಿಲದಿಂದ ನಡೆಯುತ್ತವೆ. ಚಲಿಸುವಾಗ ಸಿಲಿಂಡರಿನ ಕವಾಟ ಮುಚ್ಚಿ. ಛಾವಣಿ ಮತ್ತು ನೆಲದ ಗಾಳಿಕಿಂಡಿಗಳನ್ನು ಚಳಿಯೆಂದು ಬಟ್ಟೆಯಿಂದ ಮುಚ್ಚಬಾರದು, ಅವು ಪ್ರಾಣರಕ್ಷಕ. ಕ್ಯಾಂಪಿಂಗ್‌ನಲ್ಲಿ ಸಿಗುವ ವಿದ್ಯುತ್ ಹಲವೆಡೆ 6 ಆಂಪಿಯರ್, ಅಂದರೆ 1,380 ವಾಟ್ ಮಾತ್ರ. ಅನ್ನದ ಕುಕ್ಕರ್ ನಡೆಯುತ್ತದೆ. 2,000 ವಾಟಿನ ನೀರು ಕಾಯಿಸುವ ಕೆಟಲ್ ಹಾಕಿದರೆ ಫ್ಯೂಸ್ ಹೋಗುತ್ತದೆ.

ಅಡುಗೆ ಮತ್ತು ಸಂತೆ

ದೋರ್ದೋನ್ ಸೀಮೆ ಬಾತುಕೋಳಿಯ ಮಾಂಸಕ್ಕೆ ಹೆಸರಾದದ್ದು. ಸಸ್ಯಾಹಾರಿಗಳು ಹೋಟೆಲನ್ನೇ ನಂಬಿದರೆ ಕಷ್ಟಪಡಬೇಕಾಗುತ್ತದೆ. ಸಲಾಡಿನಲ್ಲೂ ಲಾರ್ದೋಂ ಎಂಬ ಹಂದಿ ಮಾಂಸದ ಚೂರು ಬರುವುದುಂಟು, ಆದ್ದರಿಂದ ಸಾಂ ವ್ಯಾಂದ್, ಸಾಂ ಪ್ವಾಸೋಂ, ಅಂದರೆ ಮಾಂಸವಿಲ್ಲದೆ, ಮೀನಿಲ್ಲದೆ, ಎಂದು ಹೇಳಲು ಕಲಿಯಿರಿ. ಹಲವು ಗಿಣ್ಣುಗಳಿಗೆ ಕರುವಿನ ಜಠರದ ಹೆಪ್ಪು ಬಳಸುತ್ತಾರೆ ಎಂಬುದು ಕಟ್ಟುನಿಟ್ಟಿನವರಿಗೆ ತಿಳಿದಿರಲಿ. ಸ್ವಂತ ಅಡುಗೆಮನೆ ಇರುವಾಗ ಇವೆಲ್ಲ ಚಿಂತೆಯೇ ಅಲ್ಲ. ಸಾರಿನ ಪುಡಿ, ಹುಳಿ ಪುಡಿ, ಸಾಸಿವೆ, ಇಂಗು, ಹುಣಸೆ, ಮೂರು ಲೀಟರಿನ ಪ್ರೆಷರ್ ಕುಕ್ಕರ್ ಇವಿಷ್ಟು ಊರಿನಿಂದ ಬರಲಿ. ತುಪ್ಪ, ಹಾಲಿನ ಪದಾರ್ಥ, ಮಾಂಸವನ್ನು ಐರೋಪ್ಯ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಹಸಿ ಕರಿಬೇವು, ಹಸಿಮೆಣಸಿನಕಾಯಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕಾಗುವುದರಿಂದ ಅವನ್ನೂ ಬಿಟ್ಟುಬಿಡಿ, ಕರಿಬೇವಿನ ಪುಡಿ ಸಾಕು. ಬೇಳೆ, ಅಕ್ಕಿ, ಮೊಸರು, ಬೆಣ್ಣೆ ಅಲ್ಲಿನ ಸೂಪರ್‌ಮಾರ್ಕೆಟ್ಟಿನಲ್ಲಿ ಸಿಗುತ್ತವೆ. ಆ ಬೆಣ್ಣೆ ಕಾಯಿಸಿದರೆ ಒಳ್ಳೆಯ ತುಪ್ಪ ಬರುತ್ತದೆ. ಒಗ್ಗರಣೆ ಹಾಕುವ ಮುನ್ನ ಛಾವಣಿಯ ಕಿಟಕಿ ತೆರೆದು ಹಾಸಿಗೆಯ ಕಡೆಯ ಪರದೆ ಎಳೆಯಿರಿ, ಇಲ್ಲವಾದರೆ ಒಣಮೆಣಸಿನ ಘಾಟು ರಾತ್ರಿಯಿಡೀ ದಿಂಬಿನಲ್ಲಿರುತ್ತದೆ.

ಹಳ್ಳಿಯ ಅಂಗಡಿಗಳು ಮಧ್ಯಾಹ್ನ ಹನ್ನೆರಡೂವರೆಯಿಂದ ಸುಮಾರು ಎರಡೂವರೆಯವರೆಗೆ ಮುಚ್ಚುತ್ತವೆ. ಭಾನುವಾರ ಮಧ್ಯಾಹ್ನ ಮತ್ತು ಸೋಮವಾರ ಬಹಳಷ್ಟು ತೆರೆಯುವುದೇ ಇಲ್ಲ. ಹೋಟೆಲುಗಳಲ್ಲಿ ಎರಡು ಗಂಟೆಯ ಮೇಲೆ ಊಟ ಸಿಗುವುದು ಕಷ್ಟ. ಇದನ್ನು ಅಡಚಣೆಯೆಂದು ತಿಳಿಯದೆ ನಿಮ್ಮ ದಿನಚರಿಯಾಗಿ ಮಾಡಿಕೊಳ್ಳಿ: ಬೆಳಿಗ್ಗೆ ಬ್ರೆಡ್ಡಿನಂಗಡಿ, ಹತ್ತಕ್ಕೆ ಸಂತೆ, ಹನ್ನೊಂದರಿಂದ ಹನ್ನೆರಡರವರೆಗೆ ಪ್ರಯಾಣ, ಆಮೇಲೆ ನದಿ ದಡದಲ್ಲಿ ಅಡುಗೆ, ಊಟ, ನಿದ್ದೆ. ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಬೋಂಜೂರ್ ಎನ್ನದೆ ನೇರವಾಗಿ ಬೆಲೆ ಕೇಳುವುದು ಅಲ್ಲಿ ಒರಟುತನ. ಸಂತೆಯಲ್ಲಿ ಹಣ್ಣನ್ನು ನೀವೇ ಒತ್ತಿ ನೋಡಬೇಡಿ; ಇವತ್ತಿಗೆ ಬೇಕೋ ನಾಳೆಗೆ ಬೇಕೋ ಹೇಳಿದರೆ ಅವರೇ ಆರಿಸಿಕೊಡುತ್ತಾರೆ. ಪೆರಿಗೋರ್ ಸೀಮೆಯ ಅಕ್ರೋಟು ಮತ್ತು ಸ್ಟ್ರಾಬೆರಿ, ಅಜಾನ್ ಕಡೆಯ ಒಣ ಪ್ಲಮ್ ತಪ್ಪದೆ ಕೊಳ್ಳಿ. ಉಚಿತವಾಗಿ ತಂಗಿದ ಊರಿನಲ್ಲಿ ತರಕಾರಿಯನ್ನಾದರೂ ಅಲ್ಲಿಯೇ ಕೊಂಡರೆ, ಆ ಊರು ನಿಮಗಾಗಿ ನೀರಿನ ಕಂಬ ನಿಲ್ಲಿಸಿದ್ದಕ್ಕೆ ಅರ್ಥ ಬರುತ್ತದೆ.

ಮರಳಿಸುವ ದಿನ

ಕೊನೆಯ ರಾತ್ರಿ ಬೋರ್ಡೋದಿಂದ 40 ಕಿಲೋಮೀಟರ್‌ನೊಳಗಿನ ಕ್ಯಾಂಪಿಂಗ್‌ನಲ್ಲಿ ತಂಗಿ, ಅಲ್ಲಿಯೇ ಎರಡೂ ಟ್ಯಾಂಕು ಮತ್ತು ಶೌಚ ಪೆಟ್ಟಿಗೆ ಖಾಲಿ ಮಾಡಿ ಒಳಗೆಲ್ಲ ಗುಡಿಸಿ ಒರೆಸಿ. ಶೌಚ ಪೆಟ್ಟಿಗೆ ತುಂಬಿದ್ದರೆ ದೊಡ್ಡ ದಂಡ ಬೀಳುತ್ತದೆ. ಉಳಿದ ಉಪ್ಪು, ಎಣ್ಣೆ, ಅಕ್ಕಿಯನ್ನು ಪಕ್ಕದ ಗಾಡಿಯವರಿಗೆ ಕೊಡಿ, ಸಂತೋಷದಿಂದ ತೆಗೆದುಕೊಳ್ಳುತ್ತಾರೆ. ಬೆಳಿಗ್ಗೆ ಡೀಸೆಲ್ ತುಂಬಿಸಿ ರಸೀದಿ ಇಟ್ಟುಕೊಳ್ಳಿ. ಮರಳಿಸುವ ಮುನ್ನ ಗಾಡಿಯ ಎಲ್ಲಾ ಬದಿಗಳ ಚಿತ್ರವನ್ನು ಮತ್ತೆ ತೆಗೆದು, ಠೇವಣಿ ಹಣ ನಿಮ್ಮ ಖಾತೆಗೆ ಹಿಂದಿರುಗುವವರೆಗೆ ಅವನ್ನು ಅಳಿಸದೆ ಕಾಪಾಡಿಕೊಳ್ಳಿ. ಅದಕ್ಕೆ ಕೆಲವು ವಾರ ಹಿಡಿಯಬಹುದು.